ಸಣ್ಣ ಬಿಡಿಭಾಗಗಳಿಗೆ ಒಎಚ್‌ಎನ್‌ಎಸ್ ಉಕ್ಕು: ಕೊಳ್ಳುವಲ್ಲಿಂದ ಹದ ಹಾಕುವವರೆಗೆ

ಸೆಂಟರ್ ಪಂಚು, ಸ್ಕ್ರೈಬರ್, ಗಡಿಯಾರದ ಕ್ಲಿಕ್ಕು, ಡ್ರಿಲ್ ಬುಷ್, ಗೈಡ್ ಪಿನ್ನು. ಇಂಥವನ್ನು ಒಂದೊಂದಾಗಿ ಕೈಯಲ್ಲೇ ಮಾಡುವವರು ಮೊದಲು ಯಾವ ಉಕ್ಕು ಕೊಳ್ಳಬೇಕು ಎಂದರೆ ನಮ್ಮ ಉತ್ತರ ಒಎಚ್‌ಎನ್‌ಎಸ್. ಇದಕ್ಕಿಂತ ಹೆಚ್ಚು ಸವೆತ ತಡೆಯುವ ಉಕ್ಕು ಇದೆ, ಇದಕ್ಕಿಂತ ಅಗ್ಗದ್ದೂ ಇದೆ. ಆದರೆ ಒಂದು ಗ್ಯಾಸ್ ಟಾರ್ಚು, ಒಂದು ಡಬ್ಬಿ ಎಣ್ಣೆ, ಒಂದು ಒಟಿಜಿ (ಅಡುಗೆಮನೆಯ ವಿದ್ಯುತ್ ಓವನ್) ಇಷ್ಟರಲ್ಲೇ ಕೆಲಸ ಮುಗಿಸಬೇಕಾದವರ ತಪ್ಪುಗಳನ್ನು ಇದರಷ್ಟು ಹೊಟ್ಟೆಗೆ ಹಾಕಿಕೊಳ್ಳುವ ಉಕ್ಕು ಸಾಮಾನ್ಯ ಅಂಗಡಿಯಲ್ಲಿ ಸಿಗುವುದಿಲ್ಲ. ಹಾಗೆಂದು ಎಲ್ಲದಕ್ಕೂ ಇದೇ ಅಲ್ಲ. ಎಲ್ಲಿ ಇದು ಕೈಕೊಡುತ್ತದೆ ಎಂಬುದನ್ನೂ ಮುಂದೆ ಬರೆದಿದೆ.

ಹೆಸರಿನ ಪೂರ್ತಿ ರೂಪ ಆಯಿಲ್ ಹಾರ್ಡನಿಂಗ್ ನಾನ್ ಶ್ರಿಂಕಿಂಗ್. ಅಮೆರಿಕದ ಪಟ್ಟಿಯಲ್ಲಿ ಓ-1, ಜರ್ಮನ್ ಪಟ್ಟಿಯಲ್ಲಿ 1.2510 ಎಂದಿರುವ ಉಕ್ಕನ್ನು ನಮ್ಮ ಅಂಗಡಿಗಳಲ್ಲಿ ಈ ಹೆಸರಿನಿಂದ ಕೇಳಬೇಕು. ಇಂಗಾಲ ಶೇ 0.85ರಿಂದ 1, ಮ್ಯಾಂಗನೀಸ್ ಶೇ 1ರಿಂದ 1.4, ಕ್ರೋಮಿಯಂ ಮತ್ತು ಟಂಗ್‌ಸ್ಟನ್ ತಲಾ ಶೇ 0.5ರ ಆಸುಪಾಸು. ಗಡಸುತನ ಬರುವುದು ಇಂಗಾಲದಿಂದ. ಮ್ಯಾಂಗನೀಸ್ ಮತ್ತು ಕ್ರೋಮಿಯಂ ಮಾಡುವ ಉಪಕಾರ ಬೇರೆ: ಕಾದ ಉಕ್ಕು ತುಸು ನಿಧಾನವಾಗಿ ತಣಿದರೂ ಒಳಗಿನವರೆಗೆ ಗಟ್ಟಿಯಾಗುತ್ತದೆ. ಹಾಗಾಗಿ ನೀರು ಬೇಡ, ಎಣ್ಣೆ ಸಾಕು. ನೀರಿನಲ್ಲಿ ಅದ್ದಿದಾಗ ತೆಳು ಭಾಗ ಕ್ಷಣದಲ್ಲಿ ತಣಿದು, ದಪ್ಪ ಭಾಗ ಇನ್ನೂ ಕೆಂಪಗಿರುತ್ತದೆ. ಆ ಎಳೆದಾಟದಲ್ಲಿ ಸಣ್ಣ ಭಾಗ ಸೊಟ್ಟಗಾಗುತ್ತದೆ, ಇಲ್ಲವೇ ರಂಧ್ರದ ಅಂಚಿನಿಂದ ಬಿರುಕು ಬಿಡುತ್ತದೆ. ಎಣ್ಣೆಯಲ್ಲಿ ಈ ಅಪಾಯ ಬಹಳ ಕಡಿಮೆ. ‘ನಾನ್ ಶ್ರಿಂಕಿಂಗ್’ ಎಂಬುದನ್ನು ಮಾತ್ರ ಅಕ್ಷರಶಃ ನಂಬಬೇಡಿ. ಹಾರ್ಡನ್ ಆದಾಗ, ಅಂದರೆ ಕಾಯಿಸಿ ಅದ್ದಿ ಗಟ್ಟಿಯಾದಾಗ, ಇದು ಕುಗ್ಗುವ ಬದಲು ಸ್ವಲ್ಪ ಹಿಗ್ಗುತ್ತದೆ, 10 ಮಿಮೀ ಅಳತೆಗೆ ಸುಮಾರು 0.01 ಮಿಮೀ. ಪಂಚಿಗೆ ಇದು ಲೆಕ್ಕಕ್ಕಿಲ್ಲ. ಬಿಗಿಯಾಗಿ ಕೂರಬೇಕಾದ ಪಿನ್ನಿಗೆ ಇದೆ. ಅಲ್ಲಿ 0.05 ಮಿಮೀ ಉಳಿಸಿಕೊಂಡು, ಹದ ಹಾಕಿದ ಮೇಲೆ ಉಜ್ಜಿ ಅಳತೆಗೆ ತರಬೇಕು.

ಕೊಳ್ಳುವಾಗ ಮೊದಲು ನೋಡಬೇಕಾದದ್ದು ಸರಳಿನ ಮೈ. ಒಎಚ್‌ಎನ್‌ಎಸ್ ಎರಡು ಬಗೆಯಲ್ಲಿ ಬರುತ್ತದೆ: ಬಿಸಿಯಲ್ಲಿ ರೋಲ್ ಮಾಡಿ ಹಾಗೇ ಬಿಟ್ಟ ಕಪ್ಪು ಸರಳು, ಮತ್ತು ಮೈ ತೆಗೆದು ಗ್ರೈಂಡ್ ಮಾಡಿದ ಹೊಳೆಯುವ ಸರಳು ಅಥವಾ ಪಟ್ಟಿ. ಕಪ್ಪು ಸರಳು ಅಗ್ಗ. ಆದರೆ ರೋಲಿಂಗ್ ಸಮಯದಲ್ಲಿ ಅದರ ಮೇಲ್ಪದರದ ಇಂಗಾಲ ಸುಟ್ಟುಹೋಗಿರುತ್ತದೆ. ಆ ಪದರ ಎಷ್ಟು ಕಾಯಿಸಿ ಅದ್ದಿದರೂ ಗಟ್ಟಿಯಾಗುವುದಿಲ್ಲ. 12 ಮಿಮೀವರೆಗಿನ ಕಪ್ಪು ಸರಳಿನಲ್ಲಿ ಪ್ರತಿ ಬದಿಯಿಂದ ಅರ್ಧ ಮಿಮೀ ತೆಗೆದರೆ ಮಾತ್ರ ಒಳ್ಳೆಯ ಉಕ್ಕು ಸಿಗುತ್ತದೆ. ಅಂದರೆ 12ರ ಸರಳಿನಿಂದ 11ರ ಭಾಗ ಮಾಡಬಹುದು, 12ರದ್ದನ್ನು ಮಾಡಲಾಗದು. ಲೇತ್ ಇಲ್ಲದೆ ಅರದಲ್ಲೇ ಕೆಲಸ ಮಾಡುವವರು ಹೆಚ್ಚು ಹಣ ಕೊಟ್ಟಾದರೂ ಗ್ರೈಂಡ್ ಆದದ್ದನ್ನೇ ತರುವುದು ಲೇಸು. ‘ಉಕ್ಕು ಸರಿಯಿಲ್ಲ, ಗಟ್ಟಿಯಾಗಲೇ ಇಲ್ಲ’ ಎಂಬ ದೂರುಗಳಲ್ಲಿ ಎಷ್ಟೋ ಈ ಸತ್ತ ಪದರದವೇ.

ಮಾರಾಟ ತೂಕದ ಮೇಲೆ. ಸುತ್ತು ಸರಳಿನ ತೂಕಕ್ಕೆ ಅಂಗಡಿಯವರ ಸೂತ್ರವನ್ನೇ ನೆನಪಿಡಿ: ಮಿಮೀ ಲೆಕ್ಕದ ವ್ಯಾಸವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಬರುತ್ತದೆ. 10 ಮಿಮೀ ಸರಳು ಮೀಟರಿಗೆ 617 ಗ್ರಾಂ, 6 ಮಿಮೀ ಆದರೆ 222 ಗ್ರಾಂ. 25 ಅಗಲ, 3 ದಪ್ಪದ ಪಟ್ಟಿ ಮೀಟರಿಗೆ 590 ಗ್ರಾಂ ಸುಮಾರು. ಸಣ್ಣ ತುಂಡಿಗೆ ಕತ್ತರಿಸುವ ಕೂಲಿ ಸೇರಿ ದರ ಏರುವುದರಿಂದ, ಒಂದು ಅಡಿಯ ಬದಲು ಒಂದು ಮೀಟರ್ ತಂದಿಟ್ಟುಕೊಳ್ಳುವುದು ಲಾಭ. ಬೆಂಗಳೂರಿನವರು ಎಸ್‌ಜೆಪಿ ರಸ್ತೆಯ ಹಾರ್ಡ್‌ವೇರ್ ಸಾಲಿನಲ್ಲಿ ವಿಚಾರಿಸಬಹುದು. ಆದರೆ ಡೈ ಮತ್ತು ಟೂಲ್ ಕೆಲಸ ನಡೆಯುವ ಪೀಣ್ಯ, ಬೆಳಗಾವಿಯ ಉದ್ಯಮಬಾಗದಂಥ ಕಡೆ ಕೇಳಿದರೆ ಕೈಗೆ ಸಿಗುವ ಸಾಧ್ಯತೆ ಹೆಚ್ಚು.

ಸರಳಿನ ತುದಿಗೆ ಬಳಿದ ಬಣ್ಣವನ್ನು ನೆಚ್ಚಬೇಡಿ. ಒಬ್ಬ ವ್ಯಾಪಾರಿಯ ಹಳದಿ ಇನ್ನೊಬ್ಬರಲ್ಲಿ ಬೇರೆ ಉಕ್ಕಾಗಿರಬಹುದು. ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳಿ. ಮನೆಗೆ ತಂದ ಮೇಲೆ ಒಂದು ಹೊಸ ಅರವನ್ನು ಮೆಲ್ಲಗೆ ಎಳೆದು ನೋಡಿ. ಅನೀಲ್ ಆದ (ಕಾಯಿಸಿ ನಿಧಾನವಾಗಿ ತಣಿಸಿ ಮೆತ್ತಗೆ ಮಾಡಿದ) ಒಎಚ್‌ಎನ್‌ಎಸ್ ಮೈಲ್ಡ್ ಸ್ಟೀಲಿಗಿಂತ ಸ್ವಲ್ಪ ಬಿಗುವಾದರೂ ಅರ ಸರಾಗವಾಗಿ ಕಚ್ಚಬೇಕು. ಆಮೇಲೆ ಗ್ರೈಂಡರಿಗೆ ತಾಗಿಸಿ ಕಿಡಿ ನೋಡಿ. ಮೈಲ್ಡ್ ಸ್ಟೀಲಿನ ಕಿಡಿ ಉದ್ದನೆಯ ಗೆರೆ, ಅಲ್ಲೊಂದು ಇಲ್ಲೊಂದು ಕವಲು. ಹೆಚ್ಚು ಇಂಗಾಲದ ಉಕ್ಕಿನ ಕಿಡಿ ಚಕ್ರದ ಹತ್ತಿರವೇ ಸುರುಸುರುಬತ್ತಿಯಂತೆ ಒಡೆಯುತ್ತದೆ. ಕಿಡಿಯಿಂದ ದರ್ಜೆ ಹೇಳಲಾಗದು. ಆದರೆ ಗೊತ್ತಿರುವ ಒಂದು ತುಂಡನ್ನು ಪಕ್ಕದಲ್ಲೇ ತಾಗಿಸಿ ಹೋಲಿಸಿದರೆ, ತಪ್ಪಿ ಬೇರೆ ಸರಳು ಬಂದಿದೆಯೇ ಎಂಬುದು ತಕ್ಷಣ ತಿಳಿಯುತ್ತದೆ.

ಈಗ ಒಂದು ಭಾಗವನ್ನೇ ತೆಗೆದುಕೊಳ್ಳೋಣ. ಗೋಡೆ ಗಡಿಯಾರಕ್ಕೆ ಕೀಲಿ ಕೊಡುವಾಗ ಟಕಟಕ ಎನ್ನುವುದು ಕ್ಲಿಕ್ಕು. ಸ್ಪ್ರಿಂಗಿನ ಅಷ್ಟೂ ಬಲವನ್ನು ಅದರ ಮೂಗು ತಡೆದು ನಿಲ್ಲಿಸುತ್ತದೆ. 3 ಮಿಮೀ ದಪ್ಪದ ಒಎಚ್‌ಎನ್‌ಎಸ್ ಪಟ್ಟಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಆಕಾರ ಕತ್ತರಿಸುವ ಮೊದಲೇ ರಂಧ್ರ ಕೊರೆಯಿರಿ. ಪಟ್ಟಿ ದೊಡ್ಡದಿರುವಾಗ ವೈಸಿನಲ್ಲಿ ಹಿಡಿಯುವುದು ಸುಲಭ. 3 ಮಿಮೀ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಡ್ರಿಲ್ಲಿಗೆ ನಿಮಿಷಕ್ಕೆ 1,200 ಸುತ್ತು, ಕಟಿಂಗ್ ಆಯಿಲ್ ಇರಲಿ. ಡ್ರಿಲ್ಲು ಒತ್ತಡ ಕೊಡದೆ ಬರೀ ಸುತ್ತಿದರೆ ತಳ ಬಿಸಿಯಾಗಿ, ಅಲ್ಲಿಂದ ಮುಂದೆ ಡ್ರಿಲ್ಲಿನ ತುದಿಯೇ ಸುಟ್ಟುಹೋಗುತ್ತದೆ. ರಂಧ್ರದ ಎರಡೂ ಬಾಯಿಯ ಅಂಚನ್ನು ಸ್ವಲ್ಪ ಮುರಿಯಿರಿ. ಮೂಗು ಮೈಗೆ ಸೇರುವ ಒಳಮೂಲೆಯನ್ನು ಚೌಕವಾಗಿ ಬಿಡಬೇಡಿ, ಸಣ್ಣ ಗುಂಡು ಅರದಿಂದ ಕನಿಷ್ಠ ಅರ್ಧ ಮಿಮೀ ತ್ರಿಜ್ಯದ ತಿರುವು ಕೊಡಿ. ಬಿರುಕು ಹುಟ್ಟುವ ಜಾಗ ಅದೇ. ಅರದ ಅಡ್ಡಗೆರೆಗಳೂ ಬಿರುಕಿಗೆ ದಾರಿ, ಆದ್ದರಿಂದ 400 ನಂಬರಿನ ಎಮೆರಿ ಕಾಗದದವರೆಗೆ ಉಜ್ಜಿಯೇ ಬೆಂಕಿಗೆ ಹೋಗಬೇಕು. ಈ ಹಂತದವರೆಗೆ ಉಕ್ಕು ಎಲ್ಲೂ ಸತಾಯಿಸುವುದಿಲ್ಲ. ಅರದಲ್ಲಿ ಬರುವ ಮೈ ಅಚ್ಚುಕಟ್ಟಾಗಿರುತ್ತದೆ, ಅಂಚು ಚೂಪಾಗಿ ನಿಲ್ಲುತ್ತದೆ.

ಕಾಯಿಸುವುದಕ್ಕೆ 3–4 ಮಿಮೀ ದಪ್ಪದವರೆಗೆ ಕೈಯಲ್ಲಿ ಹಿಡಿಯುವ ಬ್ಯೂಟೇನ್ ಟಾರ್ಚು ಸಾಕು, ಅದಕ್ಕಿಂತ ದೊಡ್ಡದಕ್ಕೆ ಎಲ್‌ಪಿಜಿ ಟಾರ್ಚು ಬೇಕು. ಮನೆಯ 14.2 ಕಿಲೋ ಸಿಲಿಂಡರ್ ಕಾರ್ಖಾನೆಯ ಕೆಲಸಕ್ಕೆ ಬಳಸುವಂತಿಲ್ಲ, 5 ಕಿಲೋ ಮುಕ್ತ ಮಾರಾಟದ ಸಿಲಿಂಡರ್ ಇಟ್ಟುಕೊಳ್ಳಿ. ಬರೀ ಗಾಳಿಯಲ್ಲಿ ಹಿಡಿದು ಕಾಯಿಸಿದರೆ ಶಾಖವೆಲ್ಲ ಹಾರಿಹೋಗುತ್ತದೆ. ಹಗುರವಾದ ಇನ್ಸುಲೇಷನ್ ಇಟ್ಟಿಗೆಗಳೆರಡನ್ನು ತಂದು, ಒಂದರಲ್ಲಿ ಚಮಚದಿಂದಲೇ ಮುಷ್ಟಿಯಷ್ಟು ಗುಳಿ ಕೊರೆದು, ಇನ್ನೊಂದನ್ನು ಮೇಲೆ ಮುಚ್ಚಿ, ಪಕ್ಕದ ತೂತಿನಿಂದ ಜ್ವಾಲೆ ಬಿಟ್ಟರೆ ಅದೇ ಕುಲುಮೆ. ಜ್ವಾಲೆ ಗುಳಿಯ ಗೋಡೆಗೆ ಬಡಿಯಲಿ, ಭಾಗಕ್ಕೆ ನೇರವಾಗಿ ಬಡಿಯಬಾರದು. ಇಲ್ಲದಿದ್ದರೆ ತೆಳುವಾದ ಮೂಗು ಹಳದಿಗೆ ತಿರುಗುವಾಗ ಮೈ ಇನ್ನೂ ಕಪ್ಪಗಿರುತ್ತದೆ. ಕ್ಲಿಕ್ಕನ್ನು ಕಟ್ಟಡದವರು ಕಂಬಿ ಕಟ್ಟುವ ಕಪ್ಪು ತಂತಿಯಲ್ಲಿ ತೂಗಿಸಿ. ಜಿಐ ತಂತಿ ಬೇಡವೇ ಬೇಡ. ಅದರ ಸತು ಉರಿದು ಬರುವ ಬಿಳಿ ಹೊಗೆ ಜ್ವರ ಹಿಡಿಸುತ್ತದೆ.

ಕೆಂಪಗೆ ಕಾದ ಉಕ್ಕಿಗೆ ಗಾಳಿ ತಾಗಿದರೆ ಕಿಟ್ಟ ಕಟ್ಟುತ್ತದೆ, ಮೇಲ್ಪದರದ ಇಂಗಾಲವೂ ಹೋಗುತ್ತದೆ. ಇದಕ್ಕೆ ಅಗ್ಗದ ಉಪಾಯ ಕ್ಯಾರಂ ಬೋರ್ಡಿಗೆ ಉದುರಿಸುವ ಬೋರಿಕ್ ಪೌಡರ್. ಸ್ಪಿರಿಟ್ಟಿನಲ್ಲಿ ಮಜ್ಜಿಗೆಯ ಹದಕ್ಕೆ ಕಲಸಿ, ಭಾಗವನ್ನು ಅದ್ದಿ ತೆಗೆದು, ಸ್ಪಿರಿಟ್ಟಿನ ಡಬ್ಬಿಯನ್ನು ದೂರ ಮುಚ್ಚಿಟ್ಟ ಮೇಲೆ ಬೆಂಕಿ ತಾಗಿಸಿ. ಸ್ಪಿರಿಟ್ ಹಸಿರು ಜ್ವಾಲೆಯಲ್ಲಿ ಉರಿದು ಹೋಗಿ ಬಿಳಿ ಪುಡಿ ಉಳಿಯುತ್ತದೆ. ಕಾದಂತೆ ಅದು ಕರಗಿ ಗಾಜಿನ ಹೊದಿಕೆಯಾಗುತ್ತದೆ. ಎಣ್ಣೆಯಿಂದ ಬಂದ ಮೇಲೆ ಬಿಸಿನೀರಿನಲ್ಲಿ ಬಿಟ್ಟುಹೋಗುತ್ತದೆ. ಹೀಗೆ ಮಾಡಿದ ಭಾಗ ಬೂದುಬಣ್ಣದ ನುಣುಪು ಮೈಯೊಂದಿಗೇ ಹೊರಬರುತ್ತದೆ. ಗಡಿಯಾರದಂಥ ಕೆಲಸದಲ್ಲಿ ಇದು ಅರ್ಧ ದಿನದ ಪಾಲಿಶ್ ಉಳಿಸುತ್ತದೆ.

ಒಎಚ್‌ಎನ್‌ಎಸ್‌ಗೆ ಬೇಕಾದ ಬಿಸಿ 790ರಿಂದ 815 ಡಿಗ್ರಿ ಸೆಲ್ಸಿಯಸ್. ಕಿಟಕಿಯ ಬೆಳಕಿನಲ್ಲಿ ಬಣ್ಣ ನೋಡಿ ಅಳೆಯುವವರು ಯಾವಾಗಲೂ ಹೆಚ್ಚು ಕಾಯಿಸುತ್ತಾರೆ, ಏಕೆಂದರೆ ಬಿಸಿಲಿನಲ್ಲಿ ಕೆಂಪು ಮಂಕಾಗಿ ಕಾಣುತ್ತದೆ. ಕೋಣೆಯನ್ನು ಅರೆಗತ್ತಲು ಮಾಡಿ. ಉಕ್ಕು ಆಯಸ್ಕಾಂತಕ್ಕೆ ಅಂಟುವುದನ್ನು ಬಿಡುವುದು 770ರ ಸುತ್ತಮುತ್ತ. ಅದಾದ ಮೇಲೆ ಇನ್ನೊಂದು ಛಾಯೆ ಏರಬೇಕು. ಎಷ್ಟು ಎಂಬುದಕ್ಕೆ ಅಡುಗೆಮನೆಯಲ್ಲೇ ಅಳತೆಗೋಲಿದೆ. ಉಪ್ಪು ಕರಗುವುದು ಸರಿಯಾಗಿ 801 ಡಿಗ್ರಿಗೆ! ಹುರಿದು ತೇವ ಹೋಗಿಸಿದ ಪುಡಿ ಉಪ್ಪನ್ನು ನಾಲ್ಕು ಕಾಳು, ಅದೇ ಪಟ್ಟಿಯಿಂದ ಕತ್ತರಿಸಿದ ಅಷ್ಟೇ ದಪ್ಪದ ತುಂಡಿನ ಮೇಲಿಟ್ಟು, ಕ್ಲಿಕ್ಕಿನ ಪಕ್ಕದಲ್ಲೇ ಗುಳಿಯೊಳಗೆ ಇಡಿ. ಉಪ್ಪು ನೀರಾಗಿ ಹರಡಿದ ಕ್ಷಣದ ಬಣ್ಣವನ್ನು ಕಣ್ಣಿನಲ್ಲಿ ಹಿಡಿದುಕೊಳ್ಳಿ. ಬೋರಿಕ್ ಬಳಿದ ಭಾಗದ ಮೇಲೆಯೇ ಉಪ್ಪು ಹಾಕಿದರೆ ಎರಡೂ ಸೇರಿ ಬೇಗ ಕರಗುತ್ತವೆ, ಅಳತೆ ತಪ್ಪುತ್ತದೆ. ಕಲ್ಲುಪ್ಪು ಸಿಡಿಯುತ್ತದೆ, ಅದೂ ಬೇಡ. ಕನ್ನಡಕ ಹಾಕಿಕೊಂಡಿರಿ.

ಬಣ್ಣ ಬಂದ ಕೂಡಲೇ ಎಣ್ಣೆಗೆ ಎಸೆಯುವುದು ಇನ್ನೊಂದು ತಪ್ಪು. ಈ ಉಕ್ಕಿನೊಳಗಿನ ಕ್ರೋಮಿಯಂ, ಟಂಗ್‌ಸ್ಟನ್ ಕಾರ್ಬೈಡುಗಳು ಕರಗಿ ಬೆರೆಯಲು ಹೊತ್ತು ಬೇಕು. ಉಷ್ಣತೆ ನಿಯಂತ್ರಿಸುವ ಫರ್ನೇಸ್ ಇದ್ದರೆ 3 ಮಿಮೀ ಭಾಗಕ್ಕೆ 10 ನಿಮಿಷ. ಟಾರ್ಚಿನಲ್ಲಾದರೆ ಜ್ವಾಲೆ ಹಿಂದೆ ಮುಂದೆ ಮಾಡುತ್ತ ಅದೇ ಬಣ್ಣದಲ್ಲಿ ಮೂರು ನಿಮಿಷವಾದರೂ ನಿಲ್ಲಿಸಿ. ಒಎಚ್‌ಎನ್‌ಎಸ್‌ನ ಅಸಲಿ ಕಷ್ಟ ಇಲ್ಲಿದೆ ಎಂದು ಒಪ್ಪಬೇಕು. ಸರಳ ಕಾರ್ಬನ್ ಉಕ್ಕು ಇಷ್ಟು ಹೊತ್ತು ಹಿಡಿಯುವುದಿಲ್ಲ. ಟಾರ್ಚಿನಲ್ಲಿ ಹದ ಹಾಕಿದ ಒಎಚ್‌ಎನ್‌ಎಸ್ ಫರ್ನೇಸಿನದ್ದಕ್ಕಿಂತ ಗಡಸುತನದಲ್ಲಿ ಒಂದೆರಡು ಅಂಕ ಹಿಂದೆ ಉಳಿದರೆ ಕಾರಣ ಇದೇ.

ಎಣ್ಣೆ ಯಾವುದು? ರಿಫೈಂಡ್ ಕಡಲೆಕಾಯಿ ಎಣ್ಣೆ ಚೆನ್ನಾಗಿ ಕೆಲಸ ಮಾಡುತ್ತದೆ, ಸೂರ್ಯಕಾಂತಿಯದ್ದೂ ಆದೀತು. ಗ್ಯಾರೇಜಿನ ಹಳೇ ಎಂಜಿನ್ ಆಯಿಲ್ ಪುಕ್ಕಟೆ ಸಿಕ್ಕರೂ ತರಬೇಡಿ, ಅದರ ಹೊಗೆ ಕೆಟ್ಟದ್ದು. ತಗಡಿನ ಡಬ್ಬಿಯಲ್ಲಿ ಒಂದು ಲೀಟರ್ ಇದ್ದರೆ 50 ಗ್ರಾಂವರೆಗಿನ ಭಾಗಗಳಿಗೆ ಸಾಕು. ಪ್ಲಾಸ್ಟಿಕ್ ಪಾತ್ರೆ ಬೇಡ. ಎಣ್ಣೆಯನ್ನು 50–60 ಡಿಗ್ರಿಗೆ ಬೆಚ್ಚಗೆ ಮಾಡಿ. ಬೆಚ್ಚಗಿನ ಎಣ್ಣೆ ತೆಳುವಾಗಿ ಭಾಗದ ಸುತ್ತ ಹರಿದಾಡುವುದರಿಂದ ತಣ್ಣನೆಯದಕ್ಕಿಂತ ಬೇಗ ಶಾಖ ಎಳೆಯುತ್ತದೆ. ಡಬ್ಬಿಗೆ ಮುಚ್ಚಳ ಪಕ್ಕದಲ್ಲೇ ಇರಲಿ, ಬೆಂಕಿ ಹತ್ತಿದರೆ ಮುಚ್ಚಿ, ನೀರು ಮಾತ್ರ ಹಾಕಬೇಡಿ. ಕ್ಲಿಕ್ಕನ್ನು ಅಂಚು ಕೆಳಗೆ ಮಾಡಿ ನೇರವಾಗಿ ಇಳಿಸಿ, ಮೇಲೆ ಕೆಳಗೆ ಆಡಿಸಿ. ಅಕ್ಕಪಕ್ಕಕ್ಕೆ ಆಡಿಸಿದರೆ ಒಂದು ಮುಖ ಮೊದಲು ತಣಿದು ಬಿಲ್ಲಿನಂತೆ ಬಾಗುತ್ತದೆ. ಅರ್ಧ ಮುಳುಗಿಸಿ ನಿಲ್ಲಿಸಿದರೆ ಎಣ್ಣೆಯ ಗೆರೆಯಲ್ಲೇ ಬಿರುಕು ಬರಬಹುದು, ಎಣ್ಣೆಗೂ ಬೆಂಕಿ ಹತ್ತುತ್ತದೆ.

ಕೈಯಲ್ಲಿ ಹಿಡಿಯುವಷ್ಟು ತಣಿದಾಗ ಅರದಿಂದ ಮುಟ್ಟಿ ನೋಡಿ. ಗಾಜಿನ ಮೇಲೆ ಎಳೆದಂತೆ ಸರ್ರನೆ ಜಾರಿದರೆ ಆಯಿತು. ಮೊದಲ ಎಳೆತಕ್ಕೆ ತುಸು ಕಚ್ಚಿ ಆಮೇಲೆ ಜಾರಿದರೆ ಗಾಬರಿ ಬೇಡ, ಇಂಗಾಲ ಹೋದ ತೆಳು ಪದರ ಅದು. ನಾಲ್ಕೈದು ಎಳೆತಕ್ಕೂ ಕಚ್ಚುತ್ತಲೇ ಇದ್ದರೆ ಬಿಸಿ ಸಾಲದಾಗಿತ್ತು. ಪಕ್ಕದಲ್ಲಿಟ್ಟ ಪರೀಕ್ಷೆಯ ತುಂಡನ್ನೂ ಅದ್ದಿರುತ್ತೀರಲ್ಲ, ಅದನ್ನು ಬಟ್ಟೆಯಲ್ಲಿ ಸುತ್ತಿ ವೈಸಿಗೆ ಕಚ್ಚಿಸಿ ಸುತ್ತಿಗೆಯಿಂದ ಮುರಿಯಿರಿ. ಮುರಿದ ಮುಖ ವಿಭೂತಿಯಂತೆ ಬೂದುಬಣ್ಣಕ್ಕೆ ನಯವಾಗಿದ್ದರೆ ಕೆಲಸ ಸರಿಯಾಗಿದೆ. ಸಕ್ಕರೆ ಹರಳಿನಂತೆ ಮಿನುಗಿದರೆ ಅತಿಯಾಗಿ ಕಾದು ಕಣಗಳು ದಪ್ಪವಾಗಿವೆ. ಅಂಥ ಉಕ್ಕಿಗೆ ಅರ ಜಾರುತ್ತದೆ, ಗಡಸುತನವೂ ಇರುತ್ತದೆ, ಆದರೆ ಕ್ಲಿಕ್ಕಿನ ಮೂಗು ಒಂದು ದಿನ ಸದ್ದಿಲ್ಲದೆ ಮುರಿದು ಬೀಳುತ್ತದೆ. ಇದೊಂದು ಪರೀಕ್ಷೆಯನ್ನು ಯಾರೂ ಬಿಡಬಾರದು. ಅರ ಹೇಳದ ಸತ್ಯವನ್ನು ಇದು ಹೇಳುತ್ತದೆ.

ಈ ಸ್ಥಿತಿಯಲ್ಲಿ ಉಕ್ಕು 63–65 ಎಚ್‌ಆರ್‌ಸಿ (ಗಡಸುತನದ ರಾಕ್‌ವೆಲ್ ಅಳತೆ) ಇರುತ್ತದೆ, ಗಾಜಿನಷ್ಟೇ ಪೆಡಸು. ರಾತ್ರಿಯಿಡೀ ಹಾಗೇ ಬಿಟ್ಟರೆ ತಾನಾಗಿ ಬಿರುಕು ಬಿಟ್ಟದ್ದೂ ಉಂಟು. ಒಂದು ಗಂಟೆಯೊಳಗೆ ಟೆಂಪರ್ ಮಾಡಿ, ಅಂದರೆ ಕಡಿಮೆ ಬಿಸಿಯಲ್ಲಿ ಮತ್ತೆ ಕಾಯಿಸಿ ಪೆಡಸು ತಗ್ಗಿಸಿ. 200 ಡಿಗ್ರಿಯಲ್ಲಿ ಒಂದೊಂದು ಗಂಟೆಯಂತೆ ಎರಡು ಸಲ ಇಟ್ಟರೆ 60–62 ಉಳಿಯುತ್ತದೆ. ಸ್ಕ್ರೈಬರ್, ಡಿ-ಬಿಟ್ (ಅರ್ಧ ಸುತ್ತಿನ ಕೊರೆಯುವ ಉಪಕರಣ), ಡ್ರಿಲ್ ಬುಷ್‌ಗೆ ಇದು ಸರಿ. ಸುತ್ತಿಗೆ ಪೆಟ್ಟು ತಿನ್ನುವ ಸೆಂಟರ್ ಪಂಚಿಗೆ 240, ಕ್ಲಿಕ್ಕಿಗೆ 270–280, ತಿರುಚುವ ಬಲ ತಿನ್ನುವ ಸ್ಕ್ರೂಡ್ರೈವರ್ ತುದಿಗೆ 300. ಒಟಿಜಿಯ ಗುಂಡಿಯ ಮೇಲಿನ ಅಂಕಿ ನಂಬುವಂಥದ್ದಲ್ಲ. ಒಳಗೆ ಒಂದು ತಟ್ಟೆ ಒಣ ಮರಳಿಟ್ಟು, ಅದರಲ್ಲಿ ಭಾಗವನ್ನು ಹೂತು, ಬೇರೆ ಥರ್ಮಾಮೀಟರ್ ಚುಚ್ಚಿಡಿ. ಮರಳು ಏರಿಳಿತವನ್ನು ತಾನು ನುಂಗಿಕೊಳ್ಳುತ್ತದೆ. ಅನೇಕ ಒಟಿಜಿಗಳು 250 ದಾಟುವುದಿಲ್ಲ, ಅದಕ್ಕಿಂತ ಮೇಲಿನದಕ್ಕೆ ಬಣ್ಣವೇ ದಾರಿ. ಒಂದು ಮುಖವನ್ನು ಕನ್ನಡಿಯಂತೆ ಉಜ್ಜಿ, ಹಿತ್ತಾಳೆ ಪುಡಿ ತುಂಬಿದ ಸಣ್ಣ ಬಾಣಲೆಯಲ್ಲಿ ಮಲಗಿಸಿ ಕೆಳಗಿನಿಂದ ಮೆಲ್ಲಗೆ ಕಾಯಿಸಿ. 220ಕ್ಕೆ ತಿಳಿ ಒಣಹುಲ್ಲಿನ ಬಣ್ಣ, 240ಕ್ಕೆ ಗಾಢ ಒಣಹುಲ್ಲು, 255ಕ್ಕೆ ಕಂದು, 280ಕ್ಕೆ ನೇರಳೆ, 300ರ ಹೊತ್ತಿಗೆ ನೀಲಿ. ಕ್ಲಿಕ್ಕು ನೇರಳೆಗೆ ಬಂದಾಗ ತೆಗೆದುಬಿಡಿ. ಬಣ್ಣದ ಈ ಪಟ್ಟಿ ಬೇಗ ಕಾಯಿಸಿದಾಗಿನದು. ಓವನ್ನಿನಲ್ಲಿ ಗಂಟೆಗಟ್ಟಲೆ ಇಟ್ಟ ಉಕ್ಕು 200ರಲ್ಲೇ ಹೆಚ್ಚು ಗಾಢವಾಗಿ ಕಾಣುತ್ತದೆ. ಅದನ್ನು ಕಂಡು ಮೆತ್ತಗಾಯಿತೆಂದು ಮತ್ತೆ ಹಾರ್ಡನ್ ಮಾಡಲು ಹೋಗಬೇಡಿ.

ಇನ್ನು ಇದರ ಪೈಪೋಟಿಗಳು. ನುಣ್ಣನೆಯ ಪಿನ್ನು, ಸ್ಪಿಂಡಲ್, ಪಿವಟ್ ಬೇಕಿದ್ದರೆ ಸಿಲ್ವರ್ ಸ್ಟೀಲ್ ಒಎಚ್‌ಎನ್‌ಎಸ್‌ಗಿಂತ ಮೇಲು. ವ್ಯಾಸ ಖಚಿತ, ಮೈ ಹೊಳಪು, ಟಾರ್ಚಿಗೆ ಬೇಗ ಒಗ್ಗುತ್ತದೆ. ಹೆಸರು ಆ ಹೊಳಪಿನಿಂದ ಬಂದದ್ದು, ಬೆಳ್ಳಿ ಇಲ್ಲ. ದಪ್ಪ ಇದ್ದರೆ ನೀರಿನಲ್ಲೇ ಅದ್ದಬೇಕು, ಆಗ ಕೀವೇ ಅಥವಾ ಅಡ್ಡ ರಂಧ್ರ ಇರುವ ಭಾಗ ಬಿರುಕು ಬಿಡುವ ಭಯ ಇದ್ದೇ ಇದೆ. ಬೇರಿಂಗ್ ಉಕ್ಕಾದ ಇಎನ್31ರಲ್ಲಿ ಕ್ರೋಮಿಯಂ ಶೇ 1.5ರ ಹತ್ತಿರ. ಫರ್ನೇಸ್ ಇದ್ದರೆ ಸೊಗಸು, ಟಾರ್ಚಿನ ಮೂರು ನಿಮಿಷಕ್ಕೆ ಅದು ಜಗ್ಗುವುದಿಲ್ಲ. ಎಚ್‌ಸಿಎಚ್‌ಸಿಆರ್ (ಹೈ ಕಾರ್ಬನ್ ಹೈ ಕ್ರೋಮಿಯಂ ಉಕ್ಕು) ದುಬಾರಿ, ಆದ್ದರಿಂದ ಒಳ್ಳೆಯದು ಎಂದು ತರುವವರಿದ್ದಾರೆ. ಅದಕ್ಕೆ 1,000 ಡಿಗ್ರಿಯ ಆಸುಪಾಸಿನ ನಿಯಂತ್ರಿತ ಬಿಸಿ ಬೇಕು. ಎಚ್‌ಎಸ್‌ಎಸ್‌ಗೆ 1,200ರ ಸಮೀಪ. ಕೈಕೆಲಸದವರಿಗೆ ಎರಡೂ ದಂಡ. ಇಎನ್8ರಲ್ಲಿ ಇಂಗಾಲ ಶೇ 0.4 ಮಾತ್ರ, ಬೋಲ್ಟಿಗೆ ಸರಿ, ಅಲಗಿಗೆ ಅಲ್ಲ. ಟಿಎಂಟಿ ಕಂಬಿಯನ್ನು ಪಂಚು ಮಾಡಲು ಹೋಗಲೇಬೇಡಿ.

ಸ್ಪ್ರಿಂಗಿಗೆ ಒಎಚ್‌ಎನ್‌ಎಸ್ ಬಳಸುವುದು ವೃಥಾ ಶ್ರಮ. ಪಿಯಾನೋ ವಯರ್ ಮೊದಲೇ ಹದದಲ್ಲಿರುತ್ತದೆ. ಸುತ್ತಿ, 230–250 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟರೆ ಮುಗಿಯಿತು. ತೇವದ ಜಾಗಕ್ಕೂ ಒಎಚ್‌ಎನ್‌ಎಸ್ ಆಗದು, ನಮ್ಮ ಕರಾವಳಿಯ ಮಳೆಗಾಲದಲ್ಲಿ ಎಣ್ಣೆ ಒರೆಸದೆ ಬಿಟ್ಟರೆ ಮಾರನೇ ದಿನವೇ ತುಕ್ಕು ಕಾಣುತ್ತದೆ. ಹಳೇ ಅರಗಳಿಂದ ಉಪಕರಣ ಮಾಡುವ ರೂಢಿ ಹಳ್ಳಿಯ ಕುಲುಮೆಗಳಲ್ಲಿದೆ, ಒಳ್ಳೆಯ ಅರದ ಉಕ್ಕು ನಿಜಕ್ಕೂ ಉತ್ತಮ. ಆದರೆ ಹಲ್ಲುಗಳನ್ನು ಬುಡಸಮೇತ ಗ್ರೈಂಡ್ ಮಾಡದಿದ್ದರೆ ಆ ಗೆರೆಗಳಿಂದಲೇ ಸೀಳುತ್ತದೆ. ಯಾವ ಉಕ್ಕು ಎಂದು ತಿಳಿಯದ ಗುಜರಿ ತುಂಡಿನ ಮೇಲೆ ಎರಡು ದಿನದ ಅರಗೆಲಸ ಸುರಿಯುವುದು ನಮಗೆ ಒಪ್ಪಿಗೆಯಿಲ್ಲ. ಉಳಿಯುವ ದುಡ್ಡು ಒಂದು ಊಟದಷ್ಟು, ಹೋಗುವ ಶ್ರಮ ವಾಪಸು ಬರುವುದಿಲ್ಲ.

ಭಾಗಗಳು ಇಪ್ಪತ್ತು ಮೂವತ್ತು ಇದ್ದರೆ ಹೀಟ್ ಟ್ರೀಟ್‌ಮೆಂಟ್ ಘಟಕಕ್ಕೆ ಕೊಡುವುದೇ ಒಳ್ಳೆಯದು. ಅಲ್ಲಿ ದರ ಕಿಲೋ ಲೆಕ್ಕ, ಜೊತೆಗೆ ಕನಿಷ್ಠ ಮೊತ್ತ ಇರುವುದು ವಾಡಿಕೆ. ‘ಗಟ್ಟಿ ಮಾಡಿಕೊಡಿ’ ಎಂದರೆ ಸಾಲದು. ‘ಒಎಚ್‌ಎನ್‌ಎಸ್, 58–60 ಎಚ್‌ಆರ್‌ಸಿ’ ಎಂದು ಚೀಟಿಯಲ್ಲಿ ಬರೆದು ಕೊಡಿ. ಬಿಡಿಬಿಡಿಯಾಗಿ ಕೊಟ್ಟ ಸಣ್ಣ ಭಾಗಗಳು ಫರ್ನೇಸಿನ ತಳದಲ್ಲಿ ಕಳೆದುಹೋಗುತ್ತವೆ, ರಂಧ್ರದಲ್ಲಿ ಕಪ್ಪು ತಂತಿ ಪೋಣಿಸಿ ಸರ ಮಾಡಿ ಕೊಡಬೇಕು. ರಾಕ್‌ವೆಲ್ ಪರೀಕ್ಷೆ ಮೈಮೇಲೆ ಚುಕ್ಕೆಯ ಗುಳಿ ಬಿಡುವುದರಿಂದ ಅದಕ್ಕಾಗಿ ಅದೇ ಪಟ್ಟಿಯ ಒಂದು ತುಂಡನ್ನು ಸರದ ಕೊನೆಗೆ ಸೇರಿಸಿ.

ಉಳಿದ ಸರಳಿನ ಒಂದು ತುದಿಗೆ ‘ಒಎಚ್‌ಎನ್‌ಎಸ್’ ಎಂದು ಅಕ್ಷರ ಪಂಚಿನಲ್ಲಿ ಹೊಡೆದು, ಎಣ್ಣೆ ಒರೆಸಿ, ಕಾಗದದಲ್ಲಿ ಸುತ್ತಿಡಿ. ಮುಂದೆ ಕತ್ತರಿಸುವಾಗಲೆಲ್ಲ ಗುರುತಿಲ್ಲದ ತುದಿಯಿಂದಲೇ ಕತ್ತರಿಸಿ.